ಮುಂದಿನ ಭಾಗ ಮನೆಯಲ್ಲೇ ಇದೆ

ಆ ಬೀದಿಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅವಳು ಕನ್ನಡಕದಕ್ಕ. ಹಾಗಂತ ಅವಳು ಕನ್ನಡಕ ಹಾಕುತ್ತಿದ್ದಳು ಅಂದುಕೊಳ್ಳಬೇಡಿ, ಅವಳದು ಹದ್ದಿನ ಕಣ್ಣು. ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳದ ಒಂದು ಕಿರುಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ತಿರುಗುವ ಸಾಣೆಕಲ್ಲು, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು, ಕೆಳಗಿನ ತಟ್ಟೆಯಲ್ಲಿ ಸೇರುವ ಬಿಳಿ ರಾಡಿ. ಸಂಜೆಯಾಗುವಷ್ಟರಲ್ಲಿ ಬೆರಳ ತುದಿಗಳೆಲ್ಲ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಮುಂದುಗಡೆ ಮಾಲೀಕರು ಗಿರಾಕಿಯ ಮೂಗಿನ ಮೇಲೆ ಹೊಸ ಕನ್ನಡಕ ಇಟ್ಟು, "ಇಷ್ಟು ದಿನ ನನ್ನನ್ನ ಸುಂದರಾಂಗ ಅಂದ್ಕೊಂಡಿದ್ರಿ, ಇನ್ಮೇಲೆ ಆ ಭ್ರಮೆ ಬಿಟ್ಬಿಡಿ" ಅನ್ನುತ್ತಿದ್ದರು. ದಿನಾ ಅದೇ ಜೋಕು. ಗಿರಾಕಿ ನಗುವ ಮೊದಲೇ ಹಿಂದಿನ ಕೋಣೆಯಲ್ಲಿ ಅಕ್ಕನಿಗೆ ನಗು ಬಂದುಬಿಡುತ್ತಿತ್ತು. ಜೊತೆಗೆ ನಗುವವರು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಅವಳ ಮನೆ ಅಂದರೆ ಮಹಡಿಯ ಮೇಲಿನ ಎರಡು ಕೋಣೆ. ಹತ್ತುವುದಕ್ಕೆ ಕಡಿದಾದ ಮೆಟ್ಟಿಲು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳಿದರೆ "ನನಗೆ ಸರಿಹೊಂದೋ ನಂಬರ್ ಸಿಗ್ಲಿಲ್ಲ" ಎಂದು ಕಸುಬಿನ ಮಾತಿನಲ್ಲೇ ಹಾರಿಸಿಬಿಡುತ್ತಿದ್ದಳು. ಬಹಳ ವರ್ಷ ತಾಯಿಯೊಂದಿಗೆ ಇದ್ದಳು. ಆ ತಾಯಿಗೆ ಓದುವ ಹುಚ್ಚು ಅಂದರೆ ಅಷ್ಟಿಷ್ಟಲ್ಲ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ಕತ್ತರಿಯಿಂದ ಕತ್ತರಿಸಿ, ಜೋಡಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹೊದಿಕೆ ಮಾಡಿ ಪುಸ್ತಕ ಕಟ್ಟುತ್ತಿದ್ದರು. ಹಾಳೆ ಹೆಚ್ಚಾದರೆ ದಬ್ಬಣ ಇಳಿಯುತ್ತಿರಲಿಲ್ಲ. ಹಾಗಾಗಿ ಒಂದೊಂದು ಕಾದಂಬರಿ ಮೂರು ಭಾಗ, ನಾಲ್ಕು ಭಾಗ ಆಗುತ್ತಿತ್ತು. ತಾಯಿ ಮೊದಲು ಓದಿ, ಆಮೇಲೆ ಮಗಳು ಓದಿ, ರಾತ್ರಿ ಊಟಕ್ಕೆ ಕೂತಾಗ ಆ ಕಥೆಯ ಸೊಸೆ ಮಾಡಿದ್ದು ಸರಿಯೋ ತಪ್ಪೋ ಎಂದು ಇಬ್ಬರೂ ಜಗಳಕ್ಕೇ ಬೀಳುತ್ತಿದ್ದರು.

ತಾಯಿ ಹೋದ ಮೇಲೆ ಆ ಜಗಳ ನಿಂತಿತು. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದೇ. ಊಟಕ್ಕೆ ಕೂತರೆ ತನ್ನ ಬಾಯಿ ಅಗಿಯುವ ಸದ್ದೇ ತನಗೆ ಕೇಳಿಸುತ್ತಿತ್ತು.

ಅಂಥ ದಿನಗಳಲ್ಲಿ ಒಂದು ಸಂಜೆ ಕೆಳಮನೆಯ ನರ್ಸು ಮೇಲೆ ಬಂದಳು. ಆಗಷ್ಟೇ ಮದುವೆಯಾಗಿ ಬಂದ ಹುಡುಗಿ. "ಅಕ್ಕಾ, ಡ್ಯೂಟಿ ಇಲ್ಲದ ದಿನ ಹೊತ್ತೇ ಹೋಗಲ್ಲ. ಓದೋಕೆ ಏನಾದ್ರೂ ಕೊಡ್ತೀರಾ?" ಅಂದಳು. ಅಕ್ಕ ತಾಯಿ ಹೊಲಿದಿಟ್ಟ ಕಾದಂಬರಿಯೊಂದರ ಮೊದಲ ಭಾಗ ತೆಗೆದಳು. ಎರಡನೆಯದು ಎಲ್ಲೋ ಅಡಿಯಲ್ಲಿ ಸೇರಿಕೊಂಡಿತ್ತು, ಹುಡುಕಿದರೆ ಸಿಗಲಿಲ್ಲ. ಸರಿ, ಇದನ್ನಾದರೂ ಓದಮ್ಮ ಎಂದು ಕೊಟ್ಟು ಕಳಿಸಿದಳು. ಮರುದಿನ ಸಂಜೆ ಇನ್ನೂ ಕೈಕಾಲು ತೊಳೆದಿಲ್ಲ, ಬಾಗಿಲು ದಡದಡ. ನರ್ಸು ನಿಂತಿದ್ದಾಳೆ, ಕಣ್ಣು ಕೆಂಪಗಾಗಿದೆ. "ಅಕ್ಕಾ, ಆ ಮನುಷ್ಯ ವಾಪಸ್ ಬರ್ತಾನಾ ಇಲ್ವಾ? ಮುಂದಿನ ಭಾಗ ಎಲ್ಲಿ?" ಇಬ್ಬರೂ ಸೇರಿ ಹುಡುಕಿದರು, ಟೀ ಕುಡಿದರು, ಆ ಮನುಷ್ಯನನ್ನು ಬಾಯಿತುಂಬ ಬೈದರು. ನರ್ಸು ಹೋದ ಮೇಲೂ ಎಷ್ಟೋ ಹೊತ್ತು ಅಕ್ಕನ ಕೋಣೆಯಲ್ಲಿ ಮಾತಿನ ಬಿಸಿ ಇತ್ತು.

ಆವತ್ತಿನಿಂದ ಅಕ್ಕ ಯಾರಿಗೂ ಒಂದೇ ಸಲಕ್ಕೆ ಪೂರ್ತಿ ಪುಸ್ತಕ ಕೊಟ್ಟವಳಲ್ಲ. ಅಂಗಡಿಯಿಂದ ಕೊಂಡು ತರುವುದಿದ್ದರೂ ಎರಡು ಸಂಪುಟ ಇದ್ದದ್ದನ್ನೇ ನೋಡಿ ತರುತ್ತಿದ್ದಳು. ಒಂದೇ ಸಂಪುಟದ ಕಾದಂಬರಿ ಎಷ್ಟೇ ಚೆನ್ನಾಗಿದ್ದರೂ ಅವಳ ಪಾಲಿಗೆ ಅದು ಒಂದೇ ಸಲ ಬಂದುಹೋಗುವ ನೆಂಟ. "ಎರಡನೇದೂ ಕೊಟ್ಬಿಡಿ ಅಕ್ಕಾ, ಮತ್ತೆ ಮೆಟ್ಟಿಲು ಹತ್ತೋ ಕೆಲಸ ತಪ್ಪುತ್ತೆ" ಎಂದು ಯಾರಾದರೂ ಅಂದರೆ, "ಮೊದಲು ಇದು ಅರಗಲಿ. ಮುಂದಿನ ಭಾಗ ಮನೆಯಲ್ಲೇ ಇದೆ, ಎಲ್ಲಿಗೂ ಓಡಿಹೋಗಲ್ಲ" ಅನ್ನುತ್ತಿದ್ದಳು.

ಹೀಗೆ ಬರುವವರು ಹೆಚ್ಚಿದರು. ಮೂಲೆಯ ಬೇಕರಿಯಣ್ಣ ಬಂದ. ಅವನು ಓದಿ ಕೊಟ್ಟ ಪುಸ್ತಕ ಬಿಚ್ಚಿದರೆ ಹಾಳೆಗಳ ನಡುವಿನಿಂದ ಹಿಟ್ಟು ಉದುರುತ್ತಿತ್ತು. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಡಂ ಬಂದರು. ಬೀದಿಗೆಲ್ಲ ಅವರು ಲೆಕ್ಕದ ಮೇಡಂ. ಯಾವ ಮಾತಿಗೂ ಗೆರೆ ಎಳೆದು ಉತ್ತರ ಬರೆಯುವ ಹೆಂಗಸು. ಆಚೀಚೆ ಮನೆಯವರು ಇನ್ನೂ ಕೆಲವರು ಬಂದುಹೋಗುತ್ತಿದ್ದರು, ಆದರೆ ಅಕ್ಕ ನನ್ನವರು ಅಂತ ಎಣಿಸಿಕೊಂಡಿದ್ದು ಈ ಮೂವರನ್ನೇ.

ಮಾಲೀಕರಿಗೆ ಮಾತ್ರ ಇದು ಹುಚ್ಚಾಟವಾಗಿ ಕಾಣುತ್ತಿತ್ತು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರೆ. ನೋಡ್ತಾ ಇರು, ಒಂದಿನ ನಿನ್ನ ಕಪಾಟು ಖಾಲಿ" ಅನ್ನುತ್ತಿದ್ದರು. ಅಕ್ಕ ನಕ್ಕು ಸಾಣೆಯ ಕಡೆ ತಿರುಗುತ್ತಿದ್ದಳು. ಕಪಾಟು ಖಾಲಿ ಇದ್ದಷ್ಟೂ ತನ್ನ ಮನೆ ತುಂಬಿರುತ್ತದೆ ಎಂದು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ.

ಅವಳಲ್ಲಿ ಒಂದು ಹಟವೂ ಇತ್ತು. ಇದನ್ನು ಹೇಳದಿದ್ದರೆ ಕಥೆ ಅರ್ಧ. ಪುಸ್ತಕ ವಾಪಸ್ ತಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ಶುರು. "ಓದಿದ್ರಾ? ಹಾಗಾದ್ರೆ ಹೇಳಿ, ತಂಗಿ ಯಾಕೆ ಮನೆ ಬಿಟ್ಟು ಹೋದಳು?" ತಾಯಿಯ ಜೊತೆ ಆಡುತ್ತಿದ್ದ ಮಾತು ಅದು, ಅದರ ರುಚಿ ಹತ್ತಿದ ನಾಲಿಗೆಗೆ ಬೇರೆ ಮಾತು ಸಪ್ಪೆ. ಪೂರ್ತಿ ಓದದೆ ಬಂದು ಸಿಕ್ಕಿಬಿದ್ದವರನ್ನು, "ಹೋಗಿ ಹೋಗಿ, ಓದಿಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದು ತಮಾಷೆಯಾಗಿಯೇ ಅಟ್ಟುತ್ತಿದ್ದಳು. ಅವರೂ ನಗುತ್ತಲೇ ಇಳಿದು ಹೋಗುತ್ತಿದ್ದರು. ಇನ್ನು ಬೇರೆಯವರ ಮನೆಗೆ ಹೋಗಿ ತಾನು ಏನಾದರೂ ಕೇಳುವುದು? ಉಂಟೇ! "ನನ್ನ ಹತ್ರಾನೇ ಬೇಕಾದಷ್ಟು ಬಿದ್ದಿದೆ" ಅನ್ನುವಳು. ಕೊಡುವ ಕೈ ಮೇಲಿರುತ್ತದೆ ಎಂಬ ಬಿಂಕ ಅವಳಿಗೆ ಇರಲಿಲ್ಲ ಅಂದರೆ ಸುಳ್ಳಾದೀತು.

ಹೀಗಿರುವಾಗ ಒಂದು ದಿನ ಸಾಣೆಯ ನೀರು ತಟ್ಟೆ ತುಂಬಿ ನೆಲಕ್ಕೆ ಹರಿದಿತ್ತು. ನೋಡದೆ ಕಾಲಿಟ್ಟು ಜಾರಿದಳು. ಪಾದದ ಹತ್ತಿರ ಮೂಳೆ ಮುರಿಯಿತು. ಆಸ್ಪತ್ರೆ, ಪಟ್ಟಿ, ಮಂಚ.

ಸ್ನೇಹಿತರು ನೋಡಲು ಬಂದರು. ಬೇಕರಿಯಣ್ಣ ಬ್ರೆಡ್ಡಿನ ಪೊಟ್ಟಣ ಹಿಡಿದು, ಮಂಚದ ಕಂಬಿ ಸವರುತ್ತಾ ನಿಂತ. ಅಕ್ಕ ಅವನನ್ನು ಕೇಳಿದ್ದು ಒಂದೇ ಮಾತು. "ನಿಮ್ಮ ಹತ್ರ ಇರೋ ಭಾಗ ಓದಿ ಆಯ್ತಾ?" ನರ್ಸು ಬಂದಾಗಲೂ ಅದೇ. "ಎಲ್ಲಿ ತನಕ ಬಂತು? ಮುಗೀತಾ?" ಮೇಡಂ ಬಂದಾಗಂತೂ ಕೈ ಹಿಡಿದು ಕೇಳಿದಳು, ಕೇಳುವಾಗ ಕಣ್ಣಲ್ಲಿ ನೀರು ತುಂಬಿತು. ಅವಳು ಹೇಳಬೇಕೆಂದಿದ್ದು ಇಷ್ಟೇ: ಮುಂದಿನ ಭಾಗಕ್ಕೆ ಬರ್ತೀರಿ ತಾನೇ? ನಾನು ಕಾಲು ಮುರಿದು ಬಿದ್ದೆ ಅಂತ ಬರೋದು ಬಿಡಲ್ಲ ತಾನೇ? ಅಷ್ಟನ್ನು ಬಾಯಿಬಿಟ್ಟು ಹೇಳಲು ನಾಲಿಗೆ ಏಳಲಿಲ್ಲ. ಪುಸ್ತಕದ ಮಾತೇ ಬಂತು.

ಹೊರಗೆ ಕಾರಿಡಾರಿನಲ್ಲಿ ಮೂವರೂ ಸೇರಿದರು. "ನೋಡಿದ್ರಾ? ಮೂಳೆ ಮುರಿದು ಮಲಗಿದ್ರೂ ಅವರಿಗೆ ಪುಸ್ತಕದ್ದೇ ಚಿಂತೆ" ಅಂದ ಬೇಕರಿಯಣ್ಣ. "ಪಾಪ, ಅಮ್ಮ ಹೊಲಿದಿಟ್ಟದ್ದು. ಜೀವ ಇಟ್ಕೊಂಡಿದಾರೆ" ಅಂದಳು ನರ್ಸು. ಲೆಕ್ಕದ ಮೇಡಂ ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ನಾವು ಮಾಡ್ಬೇಕಾದ್ದು ಒಂದೇ" ಅಂದರು.

ಲೆಕ್ಕದ ಮೇಡಂ ಕೈಗೆ ಒಂದು ಕೆಲಸ ಸಿಕ್ಕರೆ ಮುಗಿಯಿತು. ಬೀದಿಯ ಈ ತುದಿಯಿಂದ ಆ ತುದಿಗೆ ಹೋದರು. ಯಾರ ಮಂಚದ ಕೆಳಗೆ, ಯಾರ ಫ್ರಿಜ್ಜಿನ ಮೇಲೆ, ಯಾರ ಅತ್ತೆಯ ದಿಂಬಿನ ಅಡಿಯಲ್ಲಿ ಅಕ್ಕನ ಪುಸ್ತಕ ಇತ್ತೋ ಅವನ್ನೆಲ್ಲ ಹೊರಗೆಳೆದರು. ಓದುತ್ತಿದ್ದವರ ಕೈಯಿಂದಲೂ ಬಿಡಿಸಿಕೊಂಡರು. ಬೇಕರಿಯಣ್ಣ ಹಾಳೆಗಳ ಹಿಟ್ಟು ಕೊಡವಿದ, ನರ್ಸು ಬಿಚ್ಚಿದ್ದ ಹೊಲಿಗೆಗಳಿಗೆ ಹೊಸ ದಾರ ಹಾಕಿದಳು. ಅಕ್ಕನ ಮನೆಯ ಕೀಲಿ ನರ್ಸಿನ ಹತ್ತಿರವೇ ಇತ್ತು. ಭಾಗ ಒಂದು, ಭಾಗ ಎರಡು, ಭಾಗ ಮೂರು ಎಂದು ಎಲ್ಲವನ್ನೂ ಸಾಲಾಗಿ ಕಪಾಟಿನಲ್ಲಿ ಕೂರಿಸಿದರು. ಮೂವರೂ ಒಳ್ಳೆಯ ಮನಸ್ಸಿನವರು, ಅದರಲ್ಲಿ ಎರಡು ಮಾತಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವವರು ಯಾವಾಗಲೂ ಒಳ್ಳೆಯ ಮನಸ್ಸಿನವರೇ ಆಗಿರುತ್ತಾರೆ.

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಬೇಕರಿಯಣ್ಣನೂ ನರ್ಸಿನ ಗಂಡನೂ ಮೆಟ್ಟಿಲು ಹತ್ತಿಸಿ ತಂದರು. ಬಾಗಿಲು ತೆಗೆದರೆ ಎದುರಿಗೇ ಕಪಾಟು. ತಾಯಿ ಇದ್ದಾಗಲೂ ಅದು ಅಷ್ಟು ತುಂಬಿದ್ದಿಲ್ಲ.

"ಒಂದೂ ಬಿಟ್ಟಿಲ್ಲ ನೋಡಿ," ಅಂದರು ಮೇಡಂ, ಪರೀಕ್ಷೆಯ ಫಲಿತಾಂಶ ಓದುವವರ ಹಾಗೆ. "ಎಲ್ಲಾ ವಾಪಸ್. ಇನ್ಮೇಲೆ ನಿಮಗೆ ಆ ಚಿಂತೆ ಬೇಡ. ನೆಮ್ಮದಿಯಾಗಿ ಮಲಗಿ."

ಅಕ್ಕ ಎಲ್ಲರಿಗೂ ಕೈ ಮುಗಿದಳು. "ಎಷ್ಟು ಕಷ್ಟಪಟ್ರಿ ಪಾಪ" ಅಂದಳು. ಟೀ ಆಯಿತು, ಅವರೆಲ್ಲ ಹೊರಟರು. ಹೋಗುವಾಗ ಎಲ್ಲರ ಕೈಯೂ ಖಾಲಿ. ಆ ಮನೆಯಿಂದ ಯಾರೂ ಹಾಗೆ ಖಾಲಿ ಕೈಯಲ್ಲಿ ಹೋದದ್ದೇ ಇಲ್ಲ ಎಂಬುದು ಬಾಗಿಲು ಮುಚ್ಚಿಕೊಂಡ ಮೇಲೆ ಅವಳಿಗೆ ಹೊಳೆಯಿತು. ಪುಸ್ತಕದ ಮಾತೆತ್ತಿ ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು. ಅದೂ ಮುರಿದ ಕಾಲಿನ ಮೇಲೆ.

ಪಟ್ಟಿ ಇದ್ದಷ್ಟು ದಿನ ಹೇಗೋ ಕಳೆಯಿತು. ನರ್ಸು ಡ್ಯೂಟಿಗೆ ಹೋಗುವ ಮುನ್ನ ಊಟದ ಡಬ್ಬಿ ಇಟ್ಟು, ಕಾಲು ಮುಟ್ಟಿ ನೋಡಿ, ಎರಡು ಮಾತಾಡಿ ಹೋಗುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಡಬ್ಬಿಯೂ ನಿಂತಿತು, ಮಾತೂ ನಿಂತಿತು. ಅಕ್ಕ ಕುಂಟುತ್ತ ಕೆಲಸಕ್ಕೆ ಹೋಗತೊಡಗಿದಳು. ಸಂಜೆ ಬೇಗ ಬಂದು, ಟೀಗೆ ನೀರಿಟ್ಟು, ಬಾಗಿಲನ್ನು ಸ್ವಲ್ಪ ತೆರೆದೇ ಇಡುತ್ತಿದ್ದಳು. ಒಂದು ಲೋಟದ ಬದಲು ಎರಡು ಲೋಟ ನೀರು. ಕುದಿದು ಕುದಿದು ಅದು ಒಂದು ಲೋಟವೇ ಆಗುತ್ತಿತ್ತು.

ಯಾರೂ ಬರಲಿಲ್ಲ.

ಅವಳು ಸುಮ್ಮನೆ ಕೂತವಳಲ್ಲ. ಬ್ರೆಡ್ಡು ಕೊಳ್ಳುವ ನೆವದಲ್ಲಿ ಬೇಕರಿಗೆ ಹೋಗಿ, "ಹೊಸದೊಂದು ಬಂದಿದೆ, ನಾಲ್ಕು ಭಾಗ" ಎಂದು ಆಸೆ ತೋರಿಸಿದಳು. "ಅಯ್ಯೋ, ನೀವು ಮೊದಲು ಪೂರ್ತಿ ಗುಣ ಆಗಿ ಅಕ್ಕಾ. ನಾವು ಬಂದು ತೊಂದರೆ ಕೊಡೋದು ಬೇಡ ಅಂತ ಮಾತಾಡ್ಕೊಂಡಿದೀವಿ" ಅಂದ ಅವನು, ಒಂದು ಬನ್ನು ಹೆಚ್ಚಿಗೆ ಹಾಕಿಕೊಟ್ಟ. ನರ್ಸು ಮೆಟ್ಟಿಲ ಬುಡದಲ್ಲಿ ಸಿಕ್ಕಳು, ಕಿವಿಯಲ್ಲಿ ವೈರು. "ಈಗೆಲ್ಲ ಧಾರಾವಾಹಿ ಫೋನಲ್ಲೇ ಬರತ್ತೆ ಅಕ್ಕಾ. ಬಸ್ಸಲ್ಲೇ ನೋಡಿ ಮುಗಿಸ್ತೀನಿ. ಒಂದು ಮುಗಿದ್ರೆ ಮುಂದಿಂದು ತಾನಾಗೇ ಶುರು ಆಗತ್ತೆ, ಯಾರನ್ನೂ ಕೇಳೋ ಹಾಗೇ ಇಲ್ಲ" ಅಂದಳು, ಬಹಳ ಖುಷಿಯಿಂದ. ಅಕ್ಕ "ಒಳ್ಳೇದೇ ಆಯ್ತಮ್ಮ" ಎಂದು ಹೇಳಿ ಮೇಲೆ ಬಂದು, ಬನ್ನನ್ನು ತಿನ್ನದೆ ಮೇಜಿನ ಮೇಲಿಟ್ಟು ಬಹಳ ಹೊತ್ತು ಕೂತಳು.

ಅವಳನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಇಷ್ಟು ವರ್ಷ ಇವರು ಬಂದದ್ದು ನನಗಾಗಿಯೋ, ಮುಂದಿನ ಭಾಗಕ್ಕಾಗಿಯೋ? ಸ್ನೇಹಿತರೋ, ಗಿರಾಕಿಗಳೋ? ಮುಂದುಗಡೆ ಮಾಲೀಕರು ಎಂದಿನ ಜೋಕು ಹೇಳಿದಾಗ ಈಗ ಅವಳಿಗೆ ನಗು ಬರುತ್ತಿರಲಿಲ್ಲ. ಕಪಾಟಿನ ಕಡೆ ನೋಡಿದರೆ ಸಿಟ್ಟು ಬರುತ್ತಿತ್ತು. ಒಂದು ದಿನ ಸಿಟ್ಟಿಗೆ ಎರಡನೆಯ ಭಾಗವನ್ನು ಒಂದನೆಯದರ ಹಿಂದೆ, ಮೂರನೆಯದನ್ನು ಇನ್ನೆಲ್ಲೋ ತುರುಕಿ ಎಲ್ಲ ಹಾಳುಮಾಡಿದಳು. ಮರುದಿನ ತಾನೇ ಕೂತು ಸರಿಮಾಡಿದಳು. ಬೇರೆ ಕೆಲಸವಾದರೂ ಏನಿತ್ತು?

ಕಡೆಗೆ ಒಂದು ರಜಾದಿನ, ಬಿಸಿಲು ಇಳಿದ ಮೇಲೆ, ಒಳ್ಳೆಯ ಸೀರೆ ಉಟ್ಟು, ಕಾಲೆಳೆಯುತ್ತ ಲೆಕ್ಕದ ಮೇಡಂ ಮನೆಗೆ ಹೊರಟಳು. ದಾರಿಯಲ್ಲಿ ಎರಡು ಸಲ ವಾಪಸ್ ಹೋಗಿಬಿಡೋಣ ಅನ್ನಿಸಿತು. ಇಷ್ಟು ವರ್ಷದಲ್ಲಿ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಯಾವ ಬಣ್ಣದ ಬಾಗಿಲು ಅಂತಲೂ ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಬೇಕಾಯಿತು. ಸಾಲುಮನೆಗಳ ಕೊನೆಯದು, ಹಸಿರು ಬಾಗಿಲು. ತಟ್ಟಿದಳು. ಒಳಗೆ ಒಂದು ಅಗುಳಿ ಸರಿಯಿತು, ಆಮೇಲೆ ಇನ್ನೊಂದು, ಆಮೇಲೆ ಸರಪಳಿ.

"ಅರೆ! ನೀವಾ? ಏನಾಯ್ತು? ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂದರು ಮೇಡಂ, ಗಾಬರಿಯಲ್ಲಿ.

"ಏನೂ ಆಗಿಲ್ಲ ಮೇಡಂ. ಸುಮ್ನೆ ಬಂದೆ."

ಸುಮ್ಮನೆ ಬರುವವರು ಆ ಮನೆಗೂ ಇರಲಿಲ್ಲ ಅನ್ನುವುದು ಒಳಗೆ ಹೋದ ತಕ್ಷಣ ತಿಳಿಯಿತು. ಕಿಟಕಿಯ ಬಳಿ ಒಂದು ಕುರ್ಚಿ. ಇನ್ನೊಂದು ಕುರ್ಚಿ ಇತ್ತು, ಅದರ ತುಂಬ ಹಳೆಯ ಪೇಪರು. ಮೇಡಂ ಅವನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡಿ ಮಂಚದ ಮೇಲೆ ಹಾಕಿದರು. ಕುರ್ಚಿಯ ಧೂಳನ್ನು ಸೆರಗಿನಿಂದಲೇ ಒರೆಸಿದರು. ಬೀದಿಗೆಲ್ಲ ಲೆಕ್ಕ ಒಪ್ಪಿಸುವ ಹೆಂಗಸು ಸ್ವಂತ ಮನೆಯಲ್ಲಿ ಹೊಸಬರ ಹಾಗೆ ತಡಬಡಾಯಿಸುತ್ತಿದ್ದರು.

"ಒಂದು ಪುಸ್ತಕ ಬೇಕಿತ್ತು," ಅಂದಳು ಅಕ್ಕ.

"ನಿಮಗಾ?" ಮೇಡಂ ನಕ್ಕೇಬಿಟ್ಟರು. "ಹೂವಿನ ಅಂಗಡಿಯವರು ಬಂದು ಹೂವು ಕೇಳಿದ ಹಾಗಾಯ್ತು. ನಿಮ್ಮ ಹತ್ರ ಇರೋದು ನನ್ನ ಹತ್ರ ಎಲ್ಲಿರತ್ತೆ?"

"ಏನಾದ್ರೂ ಸರಿ."

ಮೇಡಂ ಗೋಡೆಯ ಕಪಾಟು ತೆರೆದರು. ಶಾಲೆಯ ಪುಸ್ತಕಗಳು, ಕಟ್ಟು ಹಾಕಿದ ಪ್ರಶ್ನೆಪತ್ರಿಕೆಗಳು. ಎಲ್ಲದರ ಹಿಂದಿನಿಂದ ತೆಳ್ಳಗಿನದೊಂದು ಎಳೆದರು. ಲೆಕ್ಕದ ಒಗಟುಗಳ ಪುಸ್ತಕ. ಅರ್ಧ ಒಗಟುಗಳ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಉತ್ತರ ಬರೆದಿತ್ತು. "ಇದೊಂದಿದೆ. ತಗೊಳ್ಳಿ. ವಾಪಸ್ ಕೊಡೋದೇನೂ ಬೇಡ, ನೀವೇ ಇಟ್ಕೊಳ್ಳಿ. ಮನೇಲಿ ಒಂದಿಷ್ಟು ಜಾಗವಾದ್ರೂ ಆಗತ್ತೆ."

ಅಕ್ಕ ಕೈ ಚಾಚಿದ್ದವಳು ಹಿಂದಕ್ಕೆಳೆದುಕೊಂಡಳು.

"ಇಟ್ಕೊಳ್ಳೋ ಪುಸ್ತಕ ಬೇಡ ಮೇಡಂ. ಅದು ಕಪಾಟು ತುಂಬ ಇದೆ, ನೀವೇ ತುಂಬಿಸಿ ಹೋದ್ರಲ್ಲ. ನನಗೆ ವಾಪಸ್ ಕೊಡೋ ಪುಸ್ತಕ ಬೇಕು. ವಾಪಸ್ ಕೊಡೋಕೆ ಅಂತ ಒಂದಿನ ಬರಬೋದಲ್ಲ, ಅದಕ್ಕೆ. ನನ್ನ ಮನೆಗೆ ಯಾರೂ ಬರ್ತಿಲ್ಲ ಮೇಡಂ. ನಂಗೆ ಮಾತಾಡೋಕೆ ಯಾರೂ ಇಲ್ಲ."

ಹೇಳಿ ಮುಗಿಸಿ ನೆಲ ನೋಡುತ್ತ ಕೂತಳು. ಮೇಡಂ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಾತಾಡಿದಾಗ ಶಾಲೆಯ ದನಿ ಮರಳಿ ಬಂದಿತ್ತು, ಆದರೆ ಅದು ಅಷ್ಟು ಗಟ್ಟಿ ಇರಲಿಲ್ಲ.

"ಹಾಗಾದ್ರೆ ಮುಂದಿನ ರಜಾಕ್ಕೆ ಇದು ನನಗೆ ವಾಪಸ್ ಬೇಕು. ತಡ ಮಾಡೋ ಹಾಗಿಲ್ಲ."

"ತರ್ತೀನಿ."

ಟೀ ಕುಡಿದರು. ಸಕ್ಕರೆ ಹೆಚ್ಚಾಗಿತ್ತು, ಒಬ್ಬರಿಗೇ ಮಾಡಿಕೊಳ್ಳುವ ಕೈಗೆ ಇಬ್ಬರ ಅಳತೆ ಸಿಕ್ಕಿರಲಿಲ್ಲ. ಅಕ್ಕ ಎದ್ದು ಚಪ್ಪಲಿ ಮೆಟ್ಟುವಾಗ ಮೇಡಂ ಬಾಗಿಲಿಗೆ ಬಂದರು.

"ಇನ್ನೊಂದು ಮಾತು. ಓದಿ ಮುಗಿದಿಲ್ಲ ಅಂತ ಬರದೇ ಇರ್ಬೇಡಿ. ನಾನು ಹಾಗೇ ಮಾಡ್ತಿದ್ದೆ."

"ಅಂದ್ರೆ?"

"ಎಷ್ಟೋ ಸಂಜೆ ನಿಮ್ಮ ಮೆಟ್ಟಿಲ ತನಕ ಬಂದಿದೀನಿ. ಮೇಲೆ ಲೈಟು ಉರೀತಿರೋದು. ಅಯ್ಯೋ, ಇನ್ನೂ ಅರ್ಧಾನೂ ಓದಿಲ್ವಲ್ಲ, ಕಥೆ ಕೇಳಿದ್ರೆ ಏನು ಹೇಳ್ಲಿ, ವಾಪಸ್ ಕಳಿಸಿಬಿಟ್ರೆ? ಈ ವಯಸ್ಸಲ್ಲಿ ಏನು ಪರೀಕ್ಷೆ ಅಂತ ಹಾಗೇ ತಿರುಗಿ ಬಂದುಬಿಡ್ತಿದ್ದೆ. ನಾನೊಬ್ಬಳೇ ಅಲ್ಲ, ಬೇಕರಿಯೋರೂ ಹಾಗೇ. ಅವರು ಓದೋದು ಇನ್ನೂ ನಿಧಾನ."

ಅಕ್ಕ ಚಪ್ಪಲಿಯಲ್ಲಿ ಅರ್ಧ ಕಾಲಿಟ್ಟು ಹಾಗೇ ನಿಂತಳು. ಆ ಸಂಜೆಗಳಲ್ಲಿ ತಾನು ಮೇಲೆ ಏನು ಮಾಡುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬಳೇ ಕೂತು, ಇವತ್ತು ಯಾರಾದರೂ ಬಂದಾರು ಎಂದು ಕಾಯುತ್ತಿದ್ದಳು.

"ಮೇಲೆ ಬಂದಿದ್ರೆ ನಾನು ಕಥೆಗಿಥೆ ಏನೂ ಕೇಳ್ತಿರ್ಲಿಲ್ಲ ಮೇಡಂ," ಅಂದಳು.

"ಕೇಳ್ತಿದ್ರಿ," ಅಂದರು ಮೇಡಂ.

ಅಕ್ಕ ಚಪ್ಪಲಿಯೊಳಗೆ ಕಾಲನ್ನು ಪೂರ್ತಿ ತೂರಿಸಿದಳು. "ಹೌದು," ಅಂದಳು, "ಕೇಳ್ತಿದ್ದೆ." ಇಬ್ಬರೂ ಹೊಸ್ತಿಲ ಆಚೆ ಈಚೆ ಇನ್ನಷ್ಟು ಹೊತ್ತು ನಿಂತೇ ಇದ್ದರು.